ಸಂಸ್ಥೆಯ ಇ-ಮೇಲ್ ಯಾರ ವಶದಲ್ಲಿದೆ?

ಹಳೆಯ ಪೇಟೆಯ ಅಂಗಡಿಗಳಲ್ಲಿ ಕಿರ್ದಿ, ಖತಾವಣಿಗಳ ಪಕ್ಕದಲ್ಲಿ ಆವಕ-ಜಾವಕ ವಹಿ ಎಂಬ ಮತ್ತೊಂದು ಪುಸ್ತಕವಿರುತ್ತಿತ್ತು. ಬಂದ ಪ್ರತಿಯೊಂದು ಪತ್ರಕ್ಕೂ, ಹೋದ ಪ್ರತಿಯೊಂದು ಪತ್ರಕ್ಕೂ ಅದರಲ್ಲಿ ಕ್ರಮಸಂಖ್ಯೆ, ದಿನಾಂಕ, ಸಂಕ್ಷಿಪ್ತ ವಿವರ ದಾಖಲಾಗುತ್ತಿದ್ದವು. ಗುಮಾಸ್ತ ರಜೆ ಹಾಕಿದರೂ, ಕೆಲಸ ಬಿಟ್ಟು ಬೇರೆ ಅಂಗಡಿ ಸೇರಿದರೂ ಆ ವಹಿ ಮಾತ್ರ ಗಲ್ಲಾಪೆಟ್ಟಿಗೆಯ ಹತ್ತಿರದಲ್ಲಿಯೇ ಉಳಿಯುತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅದಕ್ಕೂ ಕುಂಕುಮ ಬೀಳುತ್ತಿತ್ತು. ಇಂದು ವ್ಯಾಪಾರದ ಪತ್ರವ್ಯವಹಾರ ಬಹುಪಾಲು ಇ-ಮೇಲ್‌ಗೆ ಸ್ಥಳಾಂತರಗೊಂಡಿದೆ. ಆದರೆ ಆ ವಹಿಯ ಸ್ಥಾನದಲ್ಲಿ ಏನು ಬಂದಿದೆ ಎಂದು ಕೇಳಿದರೆ ಅನೇಕ ಸಣ್ಣ ಉದ್ದಿಮೆಗಳಲ್ಲಿ ದೊರೆಯುವ ಉತ್ತರ ಆತಂಕಕಾರಿಯಾಗಿದೆ. ಲೆಕ್ಕಪತ್ರ ವಿಭಾಗದ ಮೂಲೆಯಲ್ಲಿರುವ ಒಂದು ಗಣಕಯಂತ್ರ, ಅದರೊಳಗೆ ಒಂದು ಕಡತ, ಆ ಕಡತವನ್ನು ತೆರೆಯಲು ಬಲ್ಲ ಒಬ್ಬ ನೌಕರ, ಇಷ್ಟೇ.

ಸಂಸ್ಥೆಯ ಇ-ಮೇಲ್ ಕಚೇರಿಯ ಎಲ್ಲ ಗಣಕಯಂತ್ರಗಳಲ್ಲಿಯೂ, ಮಾಲೀಕರ ಮನೆಯಲ್ಲಿಯೂ, ಅವರ ಮೊಬೈಲ್‌ನಲ್ಲಿಯೂ ಒಂದೇ ಸ್ವರೂಪದಲ್ಲಿ ಕಾಣಿಸುವಂತೆ ವ್ಯವಸ್ಥೆ ಮಾಡಿಕೊಳ್ಳುವುದು ಕೇವಲ ಅನುಕೂಲದ ಮಾತೆಂದು ಬಹುತೇಕ ವರ್ತಕ ಬಾಂಧವರು ಭಾವಿಸಿದ್ದಾರೆ. ಕಂಪ್ಯೂಟರ್ ರಿಪೇರಿಗೆ ಬರುವ ಹುಡುಗನಿಗೆ ಬಿಟ್ಟುಬಿಡಬಹುದಾದ ಕೆಲಸವೆಂಬ ಧೋರಣೆ ವ್ಯಾಪಕವಾಗಿದೆ. ಈ ಧೋರಣೆ ಬದಲಾಗಬೇಕಾದುದು ಅಗತ್ಯ. ಏಕೆಂದರೆ ಆ ಹುಡುಗ ಐದು ನಿಮಿಷದಲ್ಲಿ ಆಯ್ಕೆ ಮಾಡಿ ಹೋಗುವ ಒಂದು ಸೆಟ್ಟಿಂಗ್, ಸಂಸ್ಥೆಯ ದಾಖಲೆ ಯಾರ ಬಳಿ ಉಳಿಯಬೇಕೆಂಬುದನ್ನು ತೀರ್ಮಾನಿಸುತ್ತದೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಬೆಳಗಾವಿಯ ಉದ್ಯಮಬಾಗದಂತಹ ಪ್ರದೇಶದಲ್ಲಿ ಒಂದು ಫೌಂಡ್ರಿ. ಪಂಪು ತಯಾರಿಸುವ ಗ್ರಾಹಕರೊಬ್ಬರಿಂದ 400 ಎರಕದ ಭಾಗಗಳಿಗೆ ಆದೇಶ ಬಂದಿದೆ. ಎರಕ ಹೊಯ್ಯುವ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಗ್ರಾಹಕರು ಪರಿಷ್ಕೃತ ನಕ್ಷೆಯನ್ನು ಇ-ಮೇಲ್ ಮೂಲಕ ಕಳುಹಿಸುತ್ತಾರೆ. ಫ್ಲೇಂಜಿನ ದಪ್ಪದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ. ಮಾಲೀಕರ ಮನೆಯಲ್ಲಿ ಮಗ ಕಾಲೇಜಿನ ಕೆಲಸಕ್ಕಾಗಿ ಲ್ಯಾಪ್‌ಟಾಪ್ ತೆರೆಯುತ್ತಾನೆ. ಇ-ಮೇಲ್ ತಂತ್ರಾಂಶ ತಾನಾಗಿಯೇ ಚಾಲನೆಗೊಂಡು ಬಂದಿದ್ದ ಪತ್ರಗಳನ್ನೆಲ್ಲ ಇಳಿಸಿಕೊಂಡು, ಸರ್ವರ್‌ನಲ್ಲಿದ್ದ ಪ್ರತಿಯನ್ನು ಅಳಿಸಿಬಿಡುತ್ತದೆ. ಮರುದಿನ ಬೆಳಿಗ್ಗೆ ಕಾರ್ಖಾನೆಯ ಗಣಕಯಂತ್ರದಲ್ಲಿ ಯಾವ ಪತ್ರವೂ ಇಲ್ಲ. ಹಳೆಯ ನಕ್ಷೆಯಂತೆ ಎರಕ ಹೊಯ್ದಾಗುತ್ತದೆ. ಮಾಲು ತಿರಸ್ಕೃತವಾದಾಗ ಗ್ರಾಹಕರು ತೋರಿಸುವುದು ತಾವು ಕಳುಹಿಸಿದ ಪತ್ರದ ದಿನಾಂಕವನ್ನೇ. ಫೌಂಡ್ರಿಯವರು ಪತ್ರ ಬಂದಿಲ್ಲವೆಂದು ವಾದಿಸಿದರೆ ಅದು ಸುಳ್ಳಾಗುತ್ತದೆ, ಏಕೆಂದರೆ ಪತ್ರ ಬಂದಿದೆ. ಮಾಲೀಕರ ಮನೆಯ ಲ್ಯಾಪ್‌ಟಾಪಿನಲ್ಲಿ, ಯಾರೂ ಓದದೆ, ಭದ್ರವಾಗಿ ಕುಳಿತಿದೆ.

ಇದಕ್ಕೆ ಕಾರಣವಾದ ಪದ್ಧತಿಗೆ ಪಾಪ್ ಎಂದು ಹೆಸರು. ಅದನ್ನು ದೂಷಿಸುವ ಮೊದಲು ಅದು ಯಾವ ಕಾಲಕ್ಕೆ ಹುಟ್ಟಿದ್ದೆಂಬುದನ್ನು ನೆನಪಿಸಿಕೊಳ್ಳುವುದು ನ್ಯಾಯ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ, ಗಂಟೆಯ ಲೆಕ್ಕದಲ್ಲಿ ಸಂಪರ್ಕ ಪಡೆಯಬೇಕಾಗಿತ್ತು. ಒಳಹೊಕ್ಕು ಪತ್ರಗಳನ್ನು ಬೇಗ ಇಳಿಸಿಕೊಂಡು, ಸಂಪರ್ಕ ಕಡಿದು, ನಂತರ ನಿಧಾನವಾಗಿ ಓದುವುದೇ ಜಾಣತನವಾಗಿತ್ತು. ಸರ್ವರ್‌ನಲ್ಲಿ ಜಾಗವೂ ಅತ್ಯಲ್ಪ. ಇಡೀ ಕಚೇರಿಗೆ ಒಂದೇ ಗಣಕಯಂತ್ರ ಇದ್ದ ದಿನಗಳವು. ಅಂಚೆಯವನು ಪೆಟ್ಟಿಗೆಗೆ ಹಾಕಿದ ಪತ್ರವನ್ನು ಒಬ್ಬರು ತೆಗೆದುಕೊಂಡು ಹೋದರೆ ಪೆಟ್ಟಿಗೆ ಖಾಲಿಯಾಗುವಂತೆ ಪಾಪ್ ಕೆಲಸ ಮಾಡುತ್ತದೆ. ಒಂದೇ ಮನೆ, ಒಂದೇ ಕೀಲಿಕೈ ಇದ್ದಾಗ ಅದರಲ್ಲಿ ದೋಷವಿರಲಿಲ್ಲ.

ಎರಡನೆಯ ಪದ್ಧತಿಯಾದ ಐಮ್ಯಾಪ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಅವರಿಂದ ರೂಪುಗೊಂಡಿತು. ಅಂದರೆ ಅದೂ ಹೊಸತೇನಲ್ಲ. ಇದರಲ್ಲಿ ಮೂಲ ಪತ್ರ ಸರ್ವರ್‌ನಲ್ಲಿಯೇ ಉಳಿಯುತ್ತದೆ. ಗಣಕಯಂತ್ರವಾಗಲಿ ಮೊಬೈಲಾಗಲಿ ಆ ಮೂಲವನ್ನು ನೋಡುವ ಕಿಟಕಿಗಳು ಮಾತ್ರ. ಒಂದು ಕಡೆ ಓದಿದ ಪತ್ರ ಎಲ್ಲ ಕಡೆಯೂ ಓದಿದಂತೆ ಕಾಣುತ್ತದೆ. ಕಚೇರಿಯಿಂದ ಕಳುಹಿಸಿದ ಉತ್ತರ ಮಾಲೀಕರ ಮೊಬೈಲ್‌ನಲ್ಲಿಯೂ ಸಿಗುತ್ತದೆ. ಈ ಕೊನೆಯ ಅಂಶ ಅತ್ಯಂತ ಮುಖ್ಯವಾದುದು. ಪಾಪ್ ಪದ್ಧತಿಯಲ್ಲಿ ಸರ್ವರ್‌ನಲ್ಲಿ ಪ್ರತಿ ಉಳಿಸಿಕೊಳ್ಳುವ ಆಯ್ಕೆಯೂ ಇದೆಯಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಅದರಿಂದ ಉಳಿಯುವುದು ಬಂದ ಪತ್ರ ಮಾತ್ರ, ಅದೂ ಹಲವು ತಂತ್ರಾಂಶಗಳಲ್ಲಿ 14 ದಿನಗಳಂತಹ ಒಂದು ಅವಧಿಯವರೆಗೆ. ಹೋದ ಪತ್ರ ಅದನ್ನು ಬರೆದ ಯಂತ್ರದಲ್ಲಿಯೇ ಸಿಕ್ಕಿಕೊಂಡಿರುತ್ತದೆ. ದರ ಒಪ್ಪಿಕೊಂಡದ್ದು, ಬಾಕಿ ಕೇಳಿದ್ದು, ಮಾಲಿನ ದೋಷವನ್ನು ತಿಳಿಸಿದ್ದು ಎಲ್ಲವೂ ಜಾವಕದಲ್ಲಿರುತ್ತವೆ. ಆವಕ ಮಾತ್ರ ಉಳಿದು ಜಾವಕ ಕಳೆದುಹೋದ ವಹಿಯಿಂದ ಯಾವ ತಗಾದೆಯನ್ನೂ ಗೆಲ್ಲಲಾಗದು.

ಕಾನೂನು ಈ ವಿಷಯವನ್ನು ಹೇಗೆ ನೋಡುತ್ತದೆ ಎಂಬುದರತ್ತ ವರ್ತಕರು ಗಮನ ಹರಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆ, 2000ದ 13ನೆಯ ಕಲಮಿನ ಪ್ರಕಾರ, ಉಭಯ ಪಕ್ಷಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ, ಸ್ವೀಕರಿಸುವವರು ಇಂಥದ್ದೇ ಗಣಕ ಸಂಪನ್ಮೂಲವೆಂದು ಗೊತ್ತುಪಡಿಸಿದ್ದಲ್ಲಿ, ಪತ್ರವು ಅದರೊಳಗೆ ಪ್ರವೇಶಿಸಿದ ಕ್ಷಣವೇ ಅದನ್ನು ಸ್ವೀಕರಿಸಿದ ಕ್ಷಣ. ಓದಿದ ಕ್ಷಣವಲ್ಲ. ಯಾವ ಯಂತ್ರ ಅದನ್ನು ಇಳಿಸಿಕೊಂಡಿತು, ಯಾರು ರಜೆಯಲ್ಲಿದ್ದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 169ನೆಯ ಕಲಮು, ನೋಂದಣಿಯ ಸಮಯದಲ್ಲಿ ನೀಡಿದ ಅಥವಾ ನಂತರ ತಿದ್ದುಪಡಿ ಮಾಡಿಸಿದ ಇ-ಮೇಲ್ ವಿಳಾಸಕ್ಕೆ ನೋಟಿಸು ಕಳುಹಿಸುವುದನ್ನೂ, ಪೋರ್ಟಲ್‌ನಲ್ಲಿ ಲಭ್ಯವಾಗಿಸುವುದನ್ನೂ ಜಾರಿ ಮಾಡುವ ಕ್ರಮಗಳೆಂದು ಅಂಗೀಕರಿಸಿದೆ. ಪೋರ್ಟಲ್ಲನ್ನು ಪ್ರತಿದಿನ ತೆರೆದು ನೋಡುವ ವರ್ತಕರು ವಿರಳ. ವಾಸ್ತವದಲ್ಲಿ ಬಾಗಿಲ ಗಂಟೆ ಬಾರಿಸುವುದು ಇ-ಮೇಲ್ ಮತ್ತು ಮೊಬೈಲ್ ಸಂದೇಶಗಳೇ. ಆದೇಶ ತಲುಪಿದ ದಿನದಿಂದ 3 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಸಮಂಜಸ ಕಾರಣವಿದ್ದರೆ ಇನ್ನೊಂದು ತಿಂಗಳ ವಿಳಂಬವನ್ನು ಮೇಲ್ಮನವಿ ಪ್ರಾಧಿಕಾರ ಮನ್ನಿಸಬಹುದು. ಅದರಾಚೆಗೆ ಕಾಯಿದೆ ಆ ಪ್ರಾಧಿಕಾರಕ್ಕೆ ಅವಕಾಶ ಕೊಟ್ಟಿಲ್ಲ. ಆದಾಯ ತೆರಿಗೆಯಲ್ಲಿಯೂ 2020ರ ಆಗಸ್ಟ್‌ನಲ್ಲಿ ಮುಖಾಮುಖಿರಹಿತ ನಿರ್ಧರಣೆ ಜಾರಿಗೆ ಬಂದ ಮೇಲೆ ಕಚೇರಿಗೆ ಹೋಗಿ ಅಧಿಕಾರಿಯನ್ನು ಕಂಡು ವಿವರಿಸುವ ದಾರಿ ಬಹುಮಟ್ಟಿಗೆ ಮುಚ್ಚಿದೆ.

ಈ ಸಂದರ್ಭದಲ್ಲಿ ಲೆಕ್ಕಪರಿಶೋಧಕರು ಮತ್ತು ತೆರಿಗೆ ಸಲಹೆಗಾರರ ವರ್ಗವೂ ತನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳಬೇಕು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ನೋಂದಣಿಯ ತರಾತುರಿಯಲ್ಲಿ ಎಷ್ಟೋ ಕಕ್ಷಿದಾರರ ಹೆಸರಿನ ಮುಂದೆ ಸಲಹೆಗಾರರ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಗಳೇ ದಾಖಲಾದವು. ವರ್ತಕರಿಗೆ ಸ್ವಂತ ಇ-ಮೇಲ್ ಇರಲಿಲ್ಲ, ಇದ್ದರೂ ಅದರ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ ಎಂಬುದು ನಿಜವೇ. ಆದರೂ ಅದು ಸರಿಯಾದ ಕ್ರಮವಾಗಿರಲಿಲ್ಲ. ಮಧ್ಯವರ್ತಿಗಳು ತಮ್ಮ ವಿವರಗಳನ್ನೇ ಕೊಟ್ಟು ಈಗ ವರ್ತಕರಿಗೆ ಪ್ರವೇಶ ನೀಡುತ್ತಿಲ್ಲವೆಂಬ ದೂರುಗಳು ಹೆಚ್ಚಾದ ಕಾರಣ 2018ರಲ್ಲಿ ಕೇಂದ್ರ ಸರ್ಕಾರವೇ ಪರಿಹಾರ ಕ್ರಮವನ್ನು ಪ್ರಕಟಿಸಬೇಕಾಯಿತು. ವರ್ತಕರು ಸೂಕ್ತ ದಾಖಲೆಗಳೊಂದಿಗೆ ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಸಂಪರ್ಕಿಸಿ ಅಧಿಕೃತ ಸಹಿದಾರರ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ಬದಲಾಯಿಸಿಕೊಳ್ಳಬಹುದೆಂದು ಆಗ ತಿಳಿಸಲಾಯಿತು. ಸಲಹೆಗಾರರ ಕಚೇರಿಯಲ್ಲಿ ನೂರಾರು ಕಕ್ಷಿದಾರರ ಸೂಚನೆಗಳು ಒಂದೇ ಪೆಟ್ಟಿಗೆಗೆ ಬಂದು ಬೀಳುವಾಗ ಒಂದೆರಡು ಕಣ್ತಪ್ಪಿ ಹೋಗುವುದು ಅಸಹಜವಲ್ಲ. ಆದರೆ ದಂಡ ಬೀಳುವುದು ವರ್ತಕರ ಮೇಲೆ.

ತೆರಿಗೆಯ ಮಾತು ಒತ್ತಟ್ಟಿಗಿರಲಿ. ವ್ಯಾಪಾರದ ಕರಾರಿಗೂ ಇ-ಮೇಲ್ ಈಗ ಆಧಾರವಾಗಿದೆ. ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಿನ ಬಾಕ್ಸೈಟ್ ಪೂರೈಕೆಯ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ವಿಧಿವತ್ತಾದ ಕರಾರುಪತ್ರಕ್ಕೆ ಸಹಿ ಬೀಳದಿದ್ದರೂ ಇ-ಮೇಲ್‌ಗಳ ಮೂಲಕ ನಡೆದ ಪ್ರಸ್ತಾವ ಮತ್ತು ಸಮ್ಮತಿಗಳಿಂದಲೇ ಕರಾರು ಏರ್ಪಟ್ಟಿದೆ ಎಂದು ಎತ್ತಿಹಿಡಿಯಿತು. ಸಣ್ಣ ಉದ್ದಿಮೆದಾರರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯನ್ನು ನೋಡಬಹುದು. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಿಸದಿದ್ದರೆ, ಮಾಲು ತಲುಪಿದ ದಿನವೇ ಅದನ್ನು ಒಪ್ಪಿಕೊಂಡ ದಿನವೆಂದು ಭಾವಿಸಲಾಗುತ್ತದೆ. ಹಣ ಪಾವತಿಯ 45 ದಿನಗಳ ಗರಿಷ್ಠ ಮಿತಿಯೂ ಆ ಲೆಕ್ಕದಿಂದಲೇ ಓಡುತ್ತದೆ. ಆಕ್ಷೇಪಣೆ ಬಂದಿತ್ತೇ, ಬಂದಿದ್ದರೆ ಯಾವ ದಿನ ಎಂಬುದನ್ನು ತೋರಿಸಲು ಪತ್ರಪೆಟ್ಟಿಗೆ ಪೂರ್ಣವಾಗಿರಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರವನ್ನು ಬೇಡುತ್ತದೆ. ಅದರ ಒಂದು ಭಾಗಕ್ಕೆ ದಾಖಲೆ ಹಾಜರುಪಡಿಸುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಏಳು ವರ್ಷದ ಹಿಂದೆ ಕೆಟ್ಟುಹೋದ ಹಾರ್ಡ್ ಡಿಸ್ಕಿಗೆ ಯಾರು ಪ್ರಮಾಣಪತ್ರ ಕೊಟ್ಟಾರು?

ಬದಲಾವಣೆಗೆ ತಗಲುವ ಶ್ರಮ ದೊಡ್ಡದಲ್ಲ, ಆದರೆ ಅನುಕ್ರಮ ತಪ್ಪಬಾರದು. ಮೊದಲು ಈಗಿರುವ ಪ್ರತಿಯೊಂದು ಯಂತ್ರದ ಪತ್ರಗಳ ಕಡತವನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಔಟ್‌ಲುಕ್ ಬಳಸುವವರಲ್ಲಿ ಇದು ಪಿಎಸ್‌ಟಿ ಎಂಬ ಹೆಸರಿನ ಕಡತ. ಔಟ್‌ಲುಕ್ 2002ರವರೆಗಿನ ಆವೃತ್ತಿಗಳಲ್ಲಿ ಅದು 2 ಗಿಗಾಬೈಟ್ ಮೀರಿದರೆ ಕೆಡುತ್ತಿತ್ತು. ಅಂತಹ ಹಳೆಯ ಕಡತಗಳು ಇನ್ನೂ ಕಪಾಟುಗಳಲ್ಲಿದ್ದರೆ ಅವುಗಳನ್ನು ಎಚ್ಚರಿಕೆಯಿಂದ ತೆರೆಯಬೇಕು. ಅನಂತರ ಒಂದು ಯಂತ್ರದಲ್ಲಿ ಅದೇ ವಿಳಾಸವನ್ನು ಐಮ್ಯಾಪ್ ಆಗಿ ಹೊಸದಾಗಿ ಜೋಡಿಸಿ, ಹಳೆಯ ಪತ್ರಗಳನ್ನು ವರ್ಷವಾರು ಅದರೊಳಗೆ ಎಳೆದು ಹಾಕಬೇಕು. ಅವು ಸರ್ವರ್‌ಗೆ ಏರಲು ಒಂದೆರಡು ರಾತ್ರಿ ಹಿಡಿದರೂ ಆಶ್ಚರ್ಯವಿಲ್ಲ. ಸರ್ವರ್‌ನಲ್ಲಿ ಅಷ್ಟು ಜಾಗವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡಿರಬೇಕು. ಉಳಿದ ಯಂತ್ರಗಳಲ್ಲಿಯೂ ಮೊಬೈಲ್‌ನಲ್ಲಿಯೂ ಐಮ್ಯಾಪ್ ಜೋಡಿಸುವುದು ಕೊನೆಯ ಹಂತ. ಮೊಬೈಲ್ ತುಂಬಿಹೋಗುವುದೆಂಬ ಭಯ ಬೇಡ, ಇತ್ತೀಚಿನ ಪತ್ರಗಳನ್ನಷ್ಟೇ ಅದರಲ್ಲಿ ಇರಿಸಿಕೊಂಡು ಉಳಿದವನ್ನು ಬೇಕಾದಾಗ ತರಿಸಿಕೊಳ್ಳುವಂತೆ ಹೊಂದಿಸಬಹುದು.

ಇಲ್ಲಿ ಎಡವುವವರೇ ಹೆಚ್ಚು. ಎಲ್ಲ ಯಂತ್ರಗಳನ್ನೂ ಬದಲಿಸಿ, ಗೋದಾಮಿನಲ್ಲಿ ಡೆಲಿವರಿ ಚಲನ್ ಮುದ್ರಿಸುವ ಹಳೆಯ ಯಂತ್ರವೊಂದನ್ನು ಮರೆತುಬಿಟ್ಟರೆ, ಅದು ಪಾಪ್ ಪದ್ಧತಿಯಲ್ಲಿಯೇ ಮುಂದುವರಿದು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸರ್ವರನ್ನು ಬರಿದು ಮಾಡುತ್ತಿರುತ್ತದೆ. ಮಿಕ್ಕವರು ಐಮ್ಯಾಪ್ ಕೆಟ್ಟದ್ದೆಂದು ದೂರುತ್ತಾರೆ. ಪದ್ಧತಿ ಬದಲಿಸಿದ ದಿನವೇ ಪಾಸ್‌ವರ್ಡನ್ನೂ ಬದಲಿಸಿದರೆ ಮರೆತ ಯಂತ್ರ ಬಾಗಿಲಲ್ಲೇ ನಿಲ್ಲುತ್ತದೆ, ಮತ್ತು ಅದು ಪಾಸ್‌ವರ್ಡ್ ಕೇಳಿದಾಗ ಅದರ ಇರುವಿಕೆ ಗೊತ್ತಾಗುತ್ತದೆ. ಇನ್ನೊಂದು ಸಂಗತಿ: ಗೂಗಲ್ ಸಂಸ್ಥೆ 2022ರ ಮೇ ತಿಂಗಳ ಕೊನೆಯಿಂದ ವೈಯಕ್ತಿಕ ಖಾತೆಗಳಿಗೂ, ಮೈಕ್ರೋಸಾಫ್ಟ್ ಅದೇ ವರ್ಷದ ಅಕ್ಟೋಬರ್‌ನಿಂದ ತನ್ನ ವಾಣಿಜ್ಯ ಸೇವೆಗೂ, ಬರೀ ಹೆಸರು-ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ಕ್ರಮವನ್ನು ನಿಲ್ಲಿಸುತ್ತ ಬಂದವು. ಹದಿನೈದು ವರ್ಷದ ಹಿಂದಿನ ತಂತ್ರಾಂಶ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಕೇಳುತ್ತಿದ್ದರೆ ಕಾರಣ ಇದೇ ಇರಬಹುದು, ನೌಕರನ ಬೆರಳಿನ ದೋಷವಲ್ಲ.

ಈ ಸಲಹೆಗೆ ಎದುರಾಗುವ ಆಕ್ಷೇಪಗಳಲ್ಲಿ ಎರಡು ಗಂಭೀರವಾದವು. ಪತ್ರಗಳೆಲ್ಲ ಪರರ ಸರ್ವರ್‌ನಲ್ಲಿದ್ದರೆ ವ್ಯಾಪಾರದ ಗುಟ್ಟು ಬಯಲಾಗದೇ ಎಂಬುದು ಒಂದು. ಬ್ಯಾಂಕಿನ ಲಾಕರ್ ಕೂಡ ಪರರ ಕಟ್ಟಡದಲ್ಲಿಯೇ ಇದೆ ಎಂಬುದು ಅದಕ್ಕೆ ಪೂರ್ಣ ಉತ್ತರವಲ್ಲದಿದ್ದರೂ, ಸರದಿ ನೌಕರರೆಲ್ಲ ಕುಳಿತೇಳುವ, ಪಾಸ್‌ವರ್ಡೇ ಇಲ್ಲದ ಕಚೇರಿಯ ಯಂತ್ರಕ್ಕಿಂತ ಎರಡು ಹಂತದ ದೃಢೀಕರಣವಿರುವ ಸರ್ವರ್ ಸುರಕ್ಷಿತ ಎಂಬುದರಲ್ಲಿ ಸಂದೇಹವಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿದುಹೋಗುತ್ತದೆ. ಮೊಬೈಲ್ ಹಗುರ ಮಾಡಲೆಂದು ಪತ್ರಗಳನ್ನು ಒರೆಸಿ ಹಾಕಿದ ಮಾಲೀಕರು ಕಚೇರಿಯ ದಾಖಲೆಯನ್ನೇ ಒರೆಸಿರುತ್ತಾರೆ. ಮುನಿಸಿಕೊಂಡು ಹೊರಡುವ ನೌಕರನಿಗೂ ಅದೇ ಶಕ್ತಿ ಇರುತ್ತದೆ. ಆದ್ದರಿಂದ ಐಮ್ಯಾಪ್ ಎಂದರೆ ಬ್ಯಾಕಪ್ ಎಂದು ಯಾರೂ ತಿಳಿಯಬಾರದು. ತಿಂಗಳಿಗೊಮ್ಮೆ, ತೆರಿಗೆ ವಿವರಪಟ್ಟಿ ಸಲ್ಲಿಸಿದ ದಿನವನ್ನೇ ನೆಪವಾಗಿಟ್ಟುಕೊಂಡು, ಇಡೀ ಪೆಟ್ಟಿಗೆಯ ಒಂದು ನಕಲನ್ನು ಬೇರೆ ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿ ಬೀಗ ಹಾಕಿಡಬೇಕು. ಸರಕು ಮತ್ತು ಸೇವಾ ತೆರಿಗೆಯ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂದು ಕಾಯಿದೆಯ 36ನೆಯ ಕಲಮು ಹೇಳುತ್ತದೆ. ಆ ಲೆಕ್ಕಕ್ಕೆ ಆಧಾರವಾದ ಪತ್ರಗಳಿಗೂ ಅಷ್ಟೇ ಆಯುಸ್ಸು ಕೊಡುವುದು ವಿವೇಕ.

ಒಂದೇ ವಿಳಾಸ, ಒಂದೇ ಪಾಸ್‌ವರ್ಡನ್ನು ಐದು ಜನ ಹಂಚಿಕೊಳ್ಳುವ ರೂಢಿಯೂ ನಿಲ್ಲಬೇಕು. ಖರೀದಿ, ಮಾರಾಟ, ಲೆಕ್ಕಪತ್ರಗಳಿಗೆ ಬೇರೆ ಬೇರೆ ವಿಳಾಸಗಳಿದ್ದು, ಮಾಲೀಕರು ಎಲ್ಲವನ್ನೂ ತಮ್ಮ ಮೊಬೈಲ್‌ನಲ್ಲಿ ನೋಡುವಂತಿದ್ದರೆ ಸಾಕು. ಯಾರದೋ ಪೆಟ್ಟಿಗೆಯೊಳಗೆ ನುಸುಳಿದ ವಂಚಕರು ತಿಂಗಳುಗಟ್ಟಲೆ ಸದ್ದಿಲ್ಲದೆ ಪತ್ರಗಳನ್ನು ಓದಿ, ದೊಡ್ಡ ಬಿಲ್ಲು ಪಾವತಿಯಾಗುವ ಹೊತ್ತಿಗೆ ಸರಿಯಾಗಿ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಪತ್ರ ಕಳುಹಿಸುವ ಮೋಸ ರಫ್ತುದಾರರಿಗೂ ಆಮದುದಾರರಿಗೂ ಹೊಸತಲ್ಲ. ಪತ್ರಗಳು ಅಪರಿಚಿತ ವಿಳಾಸಕ್ಕೆ ತಾನಾಗಿಯೇ ರವಾನೆಯಾಗುವಂತೆ ಯಾರಾದರೂ ಹೊಂದಿಸಿದ್ದಾರೆಯೇ ಎಂದು ಆಗಾಗ ಪರೀಕ್ಷಿಸಬೇಕು. ಖಾತೆ ಬದಲಾವಣೆಯನ್ನು ಹಳೆಯ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬಾರದು. ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ದೂರು ನೀಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸಂಸ್ಥೆಯ ಹೆಸರಿನ ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಜಾಲತಾಣ ಮಾಡಿಕೊಟ್ಟವರು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿ, ವರ್ಷವರ್ಷವೂ ನವೀಕರಿಸುತ್ತ, ಒಂದು ವರ್ಷ ಊರು ಬಿಟ್ಟು ಹೋದರೆ ಎಲ್ಲ ವಿಳಾಸಗಳೂ ಒಮ್ಮೆಲೇ ಮೂಕವಾಗುತ್ತವೆ. ಅಂಗಡಿಯ ಬಾಡಿಗೆ ಕರಾರನ್ನು ಬಣ್ಣ ಹಚ್ಚಿದವನ ಹೆಸರಿನಲ್ಲಿ ಯಾರೂ ಮಾಡಿಸುವುದಿಲ್ಲ. ನೋಂದಣಿ, ಅದರ ಪಾಸ್‌ವರ್ಡ್, ನವೀಕರಣದ ಸೂಚನೆ ಬರುವ ವಿಳಾಸ, ಈ ಮೂರೂ ಮಾಲೀಕರ ಅಥವಾ ಪಾಲುದಾರರ ಹೆಸರಿನಲ್ಲಿರಬೇಕು. ನವೀಕರಣದ ಸೂಚನೆ ಅದೇ ಡೊಮೇನಿನ ವಿಳಾಸಕ್ಕೆ ಬರುವಂತಿರಬಾರದು, ಏಕೆಂದರೆ ಡೊಮೇನ್ ನಿಂತ ದಿನ ಆ ಪೆಟ್ಟಿಗೆಯೂ ನಿಲ್ಲುತ್ತದೆ.

ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಆತುರವೂ ಬೇಡ. ಅದರೊಳಗಿನ ಜಾವಕವೆಲ್ಲ ಸರ್ವರ್‌ಗೆ ಏರಿದೆಯೇ ಎಂದು ಮೂರು ವರ್ಷದ ಹಿಂದಿನ ಯಾವುದಾದರೊಂದು ಪತ್ರವನ್ನು ಮೊಬೈಲ್‌ನಲ್ಲಿ ಹುಡುಕಿ ನೋಡಬೇಕು. ಸಿಕ್ಕಿದರೆ ಹಾರ್ಡ್ ಡಿಸ್ಕನ್ನು ಬಿಚ್ಚಿ ಕಪಾಟಿಗೆ ಸೇರಿಸಿ, ಖಾಲಿ ಡಬ್ಬಿಯನ್ನು ಗುಜರಿಯವನಿಗೆ ತೂಗಿಸಬಹುದು.